ತೆಗೆದಿಟ್ಟ ಕೈಗವಸು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ಇಸ್ತ್ರಿಯ ಉರುಳು ಯಂತ್ರದ ಈಚೆ ಬದಿಗೆ ನಿಲ್ಲುವ ಹೆಂಗಸನ್ನು ಜೊತೆಯವರೆಲ್ಲ ಕೆಂಡಕ್ಕ ಎಂದು ಕರೆಯುತ್ತಿದ್ದರು. ಉರುಳಿನಿಂದ ಹಬೆಯಾಡುತ್ತ ಹೊರಬರುವ ಹಾಸಿಗೆ ಹೊದಿಕೆಯನ್ನು ಬೇರೆಯವರು ತುದಿಯಲ್ಲಿ ಹಿಡಿಯುವರು, ಕೈ ಒದರುವರು, ಬೆರಳಿಗೆ ಉಫ್ ಎಂದು ಊದಿಕೊಂಡು ಮತ್ತೆ ಹಿಡಿಯುವರು. ಕೆಂಡಕ್ಕ ಮಾತ್ರ ಪೂರಾ ಅಂಗೈ ಊರಿ, ಆಗಷ್ಟೇ ಒಲೆಯಿಂದಿಳಿದ ಹಾಗಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕೆ ಇಡುವಳು. ಹೊಸದಾಗಿ ಸೇರಿದವರು ಬೆರಗಾಗಿ ನೋಡಿದರೆ, "ಬಿಸಿ ಅಂದ್ಕೊಂಡ್ರೆ ಬಿಸಿ, ಇಲ್ಲಾಂದ್ರೆ ಇಲ್ಲ" ಎನ್ನುವಳು. ಅವಳ ಬದುಕಿನ ತತ್ವವೆಲ್ಲ ಆ ಒಂದು ಮಾತಿನಲ್ಲಿತ್ತು. ನೋವು, ಚಳಿ, ಹಸಿವು, ಬೇಸರ ಎಲ್ಲವೂ ಮನಸ್ಸು ಕೊಟ್ಟವರಿಗೆ ಮಾತ್ರ ಬರುವ ನೆಂಟರು ಎಂದು ಅವಳು ನಂಬಿದ್ದಳು. ಹಾಗೆ ನಂಬಿಯೇ ಐವತ್ತು ದಾಟಿದ್ದಳು.

ಅವಳಿಗಿದ್ದವಳು ಒಬ್ಬಳೇ ತಂಗಿ. ನಲವತ್ತು ಮೀರಿದ್ದರೂ ಅಕ್ಕನ ಬಾಯಲ್ಲಿ ಪುಟ್ಟಿಯಾಗಿಯೇ ಉಳಿದವಳು. ತಾಯಿ ಕಚೇರಿಗಳ ನೆಲ ಒರೆಸುವ ಕೆಲಸಕ್ಕೆಂದು ನಸುಕಿನಲ್ಲೇ ಮನೆ ಬಿಡುತ್ತಿದ್ದರಿಂದ ಪುಟ್ಟಿಯ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಬೈದು ಬುದ್ಧಿ ಹೇಳಿದ್ದು ಎಲ್ಲ ಅಕ್ಕನೇ. ಮನೆಗೆಲಸವನ್ನು ಇಬ್ಬರೂ ಹಂಚಿಕೊಂಡಿದ್ದರು. ಪಾತ್ರೆ ತೊಳೆಯುವುದು ಪುಟ್ಟಿಯ ಪಾಲಿಗೆ ಬಂದಿತ್ತು. ಚಳಿಗಾಲದಲ್ಲಿ ನಲ್ಲಿಯ ನೀರಿಗೆ ಕೈಯಿಟ್ಟ ಸ್ವಲ್ಪ ಹೊತ್ತಿಗೆಲ್ಲ ಆ ಹುಡುಗಿಯ ಬೆರಳು ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತಿದ್ದವು. "ಅಕ್ಕ, ಬೆರಳು ಸತ್ತೋಗಿವೆ ನೋಡು, ತುಂಬಾ ನೋಯ್ತಿದೆ" ಎಂದು ಓಡಿ ಬರುವಳು. "ಸತ್ತೋಗಿದ್ರೆ ನೋವೆಲ್ಲಿಂದ ಬರುತ್ತೆ? ಹೋಗಿ ತೊಳಿ" ಎಂದು ಅಕ್ಕ ಅಟ್ಟುವಳು. ಈ ಜಾಣ ಉತ್ತರವನ್ನು ಅವಳು ಸಂಜೆ ತಾಯಿಗೂ ಹೇಳಿ ನಗಿಸಿದ್ದಳು. ಕೆಲಸಗಳ್ಳಿ ಎಂಬ ಹೆಸರು ಪುಟ್ಟಿಗೆ ಆಗ ಅಂಟಿತು. ಅವಳು ಅಳದೆ, ವಾದಿಸದೆ ಪಾತ್ರೆ ತೊಳೆಯುವುದನ್ನು ಕಲಿತಳು.

ದೊಡ್ಡವಳಾದ ಮೇಲೆ ಪುಟ್ಟಿ ಹೂವಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಸೈಕಲ್ ರಿಪೇರಿ ಅಂಗಡಿಯವನೊಬ್ಬನನ್ನು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದಳು. ತಾಯಿ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂದು, ಹೆತ್ತ ಮಕ್ಕಳನ್ನೇ "ಯಾರಮ್ಮಾ ನೀವು" ಎಂದು ಕೇಳುತ್ತ ತೀರಿಕೊಂಡಳು. ಮದುವೆಯ ಗೋಜಿಗೆ ಹೋಗದ ಅಕ್ಕನಿಗೆ ಆಮೇಲೆ ಉಳಿದದ್ದು ತಂಗಿಯ ಜೊತೆಗಿನ ಬೆಟ್ಟದ ನಡಿಗೆ. ದಿನವಿಡೀ ಕಿಟಕಿಯಿಲ್ಲದ ಹಬೆಯ ಕೋಣೆಯಲ್ಲಿರುವವಳಿಗೆ ತಿಂಗಳಿಗೊಮ್ಮೆಯಾದರೂ ಮೇಲೆ ಹತ್ತಿ ನಿಂತು ಗಾಳಿ ಕುಡಿಯಬೇಕು ಅನ್ನಿಸುತ್ತಿತ್ತು. ಪುಟ್ಟಿಗೂ ಅದು ಇಷ್ಟ. ಇಬ್ಬರಿಗೂ ರಜೆ ಕೂಡಿ ಬಂದ ದಿನ ಬಸ್ಸು ಹತ್ತಿ ಬೆಟ್ಟದ ಬುಡಕ್ಕೆ ಹೋಗುವರು, ಮೇಲೇರಿ ಬುತ್ತಿ ಬಿಚ್ಚಿ ತಿನ್ನುವರು, ಹಳೆಯ ಮಾತು ತೆಗೆದು ನಗುವರು, ಇಳಿದು ಬರುವರು.

ಈ ನಡಿಗೆಗಳಲ್ಲಿ ಕೆಂಡಕ್ಕನಿಗೆ ನಗೆಯ ಸರಕಾಗಿದ್ದದ್ದು ಪುಟ್ಟಿಯ ಕೈಗವಸುಗಳು. ಅವಳು ಯಾವ ಕಾಲದಲ್ಲಿ ಹೊರಟರೂ ಚೀಲದಲ್ಲಿ ಮೂರು ಜೊತೆ ಇರಲೇಬೇಕು. ಮೈಗಂಟಿಕೊಳ್ಳುವ ತೆಳುವಾದವು ಒಂದು ಜೊತೆ, ಅದರ ಮೇಲೆ ಹಾಕಲು ದಪ್ಪ ಉಣ್ಣೆಯವು ಒಂದು ಜೊತೆ, ಗಾಳಿ ಮಳೆ ಬಂದರೆ ಎಲ್ಲದರ ಮೇಲೆ ಎಳೆದುಕೊಳ್ಳಲು ನೀರು ಹಿಡಿಯದ ಹೊರಗವಸು ಇನ್ನೊಂದು ಜೊತೆ. ಹತ್ತುವಾಗ ಮೈ ಬಿಸಿಯಾದರೆ ಒಂದನ್ನು ಕಳಚುವಳು, ನಿಂತರೆ ಹಾಕುವಳು, ಮೋಡ ಬಂದರೆ ಮತ್ತೊಂದು. ದಾರಿಯುದ್ದಕ್ಕೂ ಅದೇ ಕೆಲಸ. "ಕೈಗೇನು ಮದುವೆನಾ, ಗಳಿಗೆಗೊಂದು ಬಟ್ಟೆ ಬದಲಾಯಿಸೋಕೆ?" ಎಂದು ಅಕ್ಕ ಕಿಚಾಯಿಸುವಳು. ತಾನು ಮಾತ್ರ ಎಂಥ ಚಳಿಯಲ್ಲೂ ಬರಿಗೈಯಲ್ಲಿ ಕೋಲು ಹಿಡಿದು ನಡೆಯುವಳು. ಪುಟ್ಟಿ ನಕ್ಕು ಮುಂದೆ ನಡೆಯುವಳು.

ಅದು ಚಳಿಗಾಲ ಕಳೆದು, ಬಿಸಿಲು ಇನ್ನೂ ಬಲಿಯದ ಹೊತ್ತು. ಅಕ್ಕನ ಮನೆ ಬಸ್ ನಿಲ್ದಾಣದ ಪಕ್ಕದಲ್ಲೇ ಇದ್ದುದರಿಂದ ಪುಟ್ಟಿ ಹಿಂದಿನ ಸಂಜೆಯೇ ಬಂದು ಅಲ್ಲಿ ಉಳಿದಿದ್ದಳು. ಇಬ್ಬರಿಗೂ ಸೇರಿ ಒಂದೇ ಚೀಲ, ಸರದಿಯಂತೆ ಹೊರುವುದು ರೂಢಿ. ಬೆಳಿಗ್ಗೆ ಪುಟ್ಟಿ ಸ್ನಾನಕ್ಕೆ ಹೋದಾಗ ಅಕ್ಕ ಚೀಲ ಎತ್ತಿ ತೂಗಿ ನೋಡಿದಳು. ಹೊರಗೆ ಆಕಾಶ ಒರೆಸಿಟ್ಟಂತೆ ನೀಲಿಯಾಗಿತ್ತು. ಕಿಟಕಿಯಿಂದ ಬಿಸಿಲು ಚಾಪೆಯ ತನಕ ಚಾಚಿತ್ತು. ಅವಳು ಚೀಲ ಬಿಚ್ಚಿ ಉಣ್ಣೆಯ ಗವಸನ್ನೂ ಹೊರಗವಸನ್ನೂ ತೆಗೆದು, ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲಿನ ಅರೆಯಲ್ಲಿ ತುರುಕಿದಳು. ತೆಳು ಗವಸು ಮಾತ್ರ ಒಳಗೆ ಉಳಿಯಿತು.

ಭಾರದ ನೆಪವೊಂದಿತ್ತು, ನಿಜ. ಆದರೆ ಅವಳ ಕೈಯನ್ನು ನಡೆಸಿದ್ದು ಭಾರವಲ್ಲ. ಒಂದು ಸಲ ಇವಿಲ್ಲದೆ ಹತ್ತಿ ಇಳಿಯಲಿ, ಏನೂ ಆಗುವುದಿಲ್ಲ ಎಂದು ಇವಳಿಗೇ ಗೊತ್ತಾಗಲಿ, ಆಮೇಲೆ ಬೇಕಾದಷ್ಟು ನಗಬಹುದು ಎಂದು ಅವಳು ಎಣಿಸಿದ್ದಳು. ತಂಗಿಗೆ ಪಾಠ ಕಲಿಸುವ ಹಕ್ಕು ತನಗಿದೆ ಎಂಬುದರಲ್ಲಿ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ.

ಬೆಟ್ಟದ ಮುಕ್ಕಾಲು ಭಾಗ ಬೆವರುತ್ತಲೇ ಹತ್ತಿದರು. ಪುಟ್ಟಿ ತೆಳು ಗವಸನ್ನೂ ಕಳಚಿ ಜೇಬಿಗಿಟ್ಟಿದ್ದಳು. ಅಕ್ಕ ಒಳಗೊಳಗೇ ಗೆದ್ದು ಬೀಗುತ್ತಿದ್ದಳು. ನೆತ್ತಿ ತಲುಪಿ ಬುತ್ತಿ ತಿಂದು ಮುಗಿಸುವಷ್ಟರಲ್ಲಿ ಆಚೆ ಬದಿಯಿಂದ ಮೋಡ ಮೇಲೆದ್ದಿತು. ಗಾಳಿ ದಿಕ್ಕು ಬದಲಿಸಿತು. ಮಳೆಯೆನ್ನಲೂ ಆಗದ, ಹಿಮವೆನ್ನಲೂ ಆಗದ ತಣ್ಣನೆಯ ತುಂತುರು ಅಡ್ಡಡ್ಡ ಹೊಡೆಯತೊಡಗಿತು. ಪುಟ್ಟಿ ತೆಳು ಗವಸು ಹಾಕಿಕೊಂಡಳು. ಅದು ಕ್ಷಣದಲ್ಲಿ ನೆನೆದು ಒದ್ದೆ ಬಟ್ಟೆಯಂತೆ ಬೆರಳಿಗೆ ಸುತ್ತಿಕೊಂಡಿತು. ಅವಳು ಚೀಲ ಬಿಚ್ಚಿ ಕೈಯಾಡಿಸಿದಳು. ನೀರಿನ ಬಾಟಲಿ, ಖಾಲಿ ಡಬ್ಬಿ, ಟವೆಲು ಎಲ್ಲವನ್ನೂ ಬಂಡೆಯ ಮೇಲೆ ಹೊರಗಿಟ್ಟು ಚೀಲವನ್ನು ತಲೆಕೆಳಗು ಮಾಡಿದಳು.

"ಅಕ್ಕ, ನನ್ನ ದಪ್ಪ ಗ್ಲೌಸು ಎಲ್ಲಿ?"

ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು. ಹೇಳಿದ್ದರೆ ಒಂದಿಷ್ಟು ಬೈಗುಳ ತಿಂದು ಮುಗಿಯುತ್ತಿತ್ತು. ಆದರೆ ಬೇರೆಯವರ ತಪ್ಪು ಹುಡುಕಿ ಅಭ್ಯಾಸವಾದ ನಾಲಿಗೆ ತನ್ನ ತಪ್ಪಿನ ಕಡೆ ಹೊರಳಲಿಲ್ಲ.

"ನನ್ನ ಕೇಳಿದ್ರೆ? ನೀನೇ ತಂದಿಲ್ಲ ಅನ್ಸುತ್ತೆ."

"ನಿನ್ನೆ ಸಂಜೆ ಹಾಕಿದ್ದೆ. ಚೆನ್ನಾಗಿ ನೆನಪಿದೆ."

"ಹಾಕಿದ್ದೆ ಅಂತ ನೆನಪಿರುತ್ತೆ, ಹಾಕಿರಲ್ಲ. ಅಮ್ಮನ ಥರ ಆಗ್ತಾ ಇದೀಯ ನೀನೂ."

ಪುಟ್ಟಿ ಖಾಲಿ ಚೀಲವನ್ನು ಮತ್ತೊಮ್ಮೆ ಒದರಿ ನೋಡಿದಳು. ಆಮೇಲೆ ಎಲ್ಲವನ್ನೂ ಮತ್ತೆ ತುಂಬಿದಳು.

ನೆತ್ತಿಯಿಂದ ಇಳಿಯುವ ದಾರಿಯಲ್ಲಿ ಕಡಿದಾದ ಒಂದು ಬಂಡೆಯಿದೆ. ಹಿಡಿದುಕೊಳ್ಳಲೆಂದು ಅದರ ಉದ್ದಕ್ಕೂ ಕಬ್ಬಿಣದ ಸರಪಳಿ ಬಿಗಿದಿದ್ದಾರೆ. ಅಕ್ಕ ಮೊದಲು ಇಳಿದಳು. ಸರಪಳಿ ಹಿಮಗಡ್ಡೆಯಂತಿತ್ತು, ಅವಳಿಗೇ ಅಂಗೈ ಚುರುಗುಟ್ಟಿತು. ಮೇಲಿನಿಂದ ಪುಟ್ಟಿಯ ದನಿ ಬಂತು. "ಅಕ್ಕ, ಸರಪಳಿ ಹಿಡಿದಿದೀನೋ ಇಲ್ವೋ ಗೊತ್ತೇ ಆಗ್ತಿಲ್ಲ ನಂಗೆ." ಕಣ್ಣಲ್ಲಿ ನೋಡಿಕೊಂಡು ಹಿಡಿ ಎಂದು ಅಕ್ಕ ಕೂಗಿ ಹೇಳಿದಳು. ಹೇಳಿ, ತನ್ನ ಕಾಲಿಗೆ ಜಾಗ ನೋಡಲು ಕೆಳಗೆ ಬಗ್ಗಿದಳು. ಅಷ್ಟರಲ್ಲಿ ಅವಳ ಪಕ್ಕದಲ್ಲೇ ಏನೋ ಜಾರಿ ಹೋಯಿತು. ಅದು ಚೀಲವಿರಬೇಕು ಎಂದುಕೊಂಡಳು. ಅದು ಪುಟ್ಟಿ.

ಹಿಂದೆ ಬರುತ್ತಿದ್ದ ಇಬ್ಬರು ಚಾರಣಿಗರು ಓಡಿ ಬಂದು ನೆರವಾಗದಿದ್ದರೆ ಏನಾಗುತ್ತಿತ್ತೋ. ಬೆಟ್ಟದ ಬುಡದಲ್ಲಿದ್ದ ಕಾವಲುಗಾರರು ಸ್ಟ್ರೆಚರ್ ತಂದರು. ಬಲಗೈಯ ಮೂಳೆ ಮಣಿಕಟ್ಟಿನ ಮೇಲೆ ಮುರಿದಿತ್ತು, ಭುಜ ಕಳಚಿತ್ತು, ಹಣೆ ಸೀಳಿತ್ತು. ಒದ್ದೆ ಗವಸನ್ನು ಕತ್ತರಿಸಿ ತೆಗೆದಾಗ ಒಳಗೆ ಬೆರಳುಗಳು ಮೇಣದವುಗಳ ಹಾಗಿದ್ದವು. ಎರಡು ಬೆರಳ ತುದಿ ನೀಲಿಗಟ್ಟಿತ್ತು.

ಕೆಂಡಕ್ಕ ಕೆಲಸ ಮಾಡುವ ಆಸ್ಪತ್ರೆಗೇ ತಂದರು. ಅವಳೇ ಹಿಂದಿನ ದಿನ ಮಡಚಿಟ್ಟಿದ್ದ ಹೊದಿಕೆಗಳಲ್ಲೊಂದರ ಮೇಲೆ ಪುಟ್ಟಿಯನ್ನು ಮಲಗಿಸಿದರು. ಪುಟ್ಟಿಯ ಗಂಡ ಕೈಗೆ ಮೆತ್ತಿದ ಗ್ರೀಸನ್ನೂ ಒರೆಸದೆ ಓಡಿ ಬಂದ. ಅವನು ಕೇಳುವ ಮೊದಲೇ ಪುಟ್ಟಿ ಒಣಗಿದ ಬಾಯಲ್ಲಿ ಹೇಳಿದಳು.

"ನಂದೇ ತಪ್ಪು. ಗ್ಲೌಸು ಮರೆತು ಹೋಗ್ಬಿಟ್ಟೆ. ಅಕ್ಕ ಇದ್ದಿದ್ದಕ್ಕೆ ಬದುಕಿದೆ."

ಅವನು ಕೆಂಡಕ್ಕನ ಕಡೆ ತಿರುಗಿದ. "ಹೌದಾ ಅತ್ತಿಗೆ?"

ಕೆಂಡಕ್ಕ ತಲೆಯಾಡಿಸಿದಳು. ಅವನು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆ ಗ್ರೀಸನ್ನು ಅವಳು ಮನೆಗೆ ಹೋಗಿ ಎಷ್ಟು ಸಲ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದೇ ಇತ್ತು.

ಮೂರು ನಾಲ್ಕು ದಿನ ಕಳೆದ ಮೇಲೆ ಡಾಕ್ಟರಮ್ಮ ಬೆರಳುಗಳನ್ನು ಪರೀಕ್ಷಿಸಿದರು. ಕೆಲವರ ಬೆರಳಿನ ರಕ್ತನಾಳಗಳು ಚಳಿ ತಗುಲಿದ ಕೂಡಲೇ ಮುಚ್ಚಿಕೊಂಡುಬಿಡುತ್ತವೆ, ಮೊದಲು ಬೆಳ್ಳಗೆ, ಆಮೇಲೆ ನೀಲಿ, ರಕ್ತ ವಾಪಸು ಬರುವಾಗ ಸೂಜಿ ಚುಚ್ಚಿದಂಥ ಉರಿ ಎಂದು ವಿವರಿಸಿದರು. ಇದು ಸೋಮಾರಿತನವೂ ಅಲ್ಲ, ನಾಜೂಕೂ ಅಲ್ಲ, ಹುಟ್ಟಿನಿಂದ ಬಂದದ್ದಿರಬಹುದು ಎಂದರು. ಚಿಕ್ಕಂದಿನಿಂದಲೂ ಹೀಗೇನಾ ಎಂದು ಕೇಳಿದಾಗ ಪುಟ್ಟಿ ಮುಗುಳ್ನಕ್ಕಳು. "ಅಕ್ಕನ್ನ ಕೇಳಿ ಡಾಕ್ಟ್ರೇ, ಅವಳಿಗೆ ಎಲ್ಲಾ ಗೊತ್ತು."

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಕೆಂಡಕ್ಕನಿಗೆ ಹಗುರವಾಗುತ್ತಿತ್ತು. ಸೋಮಾರಿ ಎಂಬ ಮಾತು ಡಾಕ್ಟರ ಬಾಯಿಂದ ಬಂದಾಗ ಅವಳಿಗೆ ಕುಂಬಳಕಾಯಿ ಕಳ್ಳನ ಕಥೆಯಾಗಿತ್ತು. ಯಾರೂ ತನ್ನನ್ನು ನೋಡದಿದ್ದರೂ ಹೆಗಲು ಮುಟ್ಟಿಕೊಳ್ಳುವ ಹಾಗಾಗಿತ್ತು. ನಲ್ಲಿಯ ಕೆಳಗೆ ಕೈಯಿಟ್ಟು ತುಟಿ ಕಚ್ಚಿ ನಿಂತ ಹುಡುಗಿ ಕಣ್ಣಿಗೆ ಬಂದು, ಎಷ್ಟು ಚಳಿಗಾಲ, ದಿನಕ್ಕೆ ಎಷ್ಟು ತಟ್ಟೆ ಎಂದು ಮನಸ್ಸು ತಾನಾಗಿಯೇ ಎಣಿಸತೊಡಗಿತು.

ಪುಟ್ಟಿ ಮನೆಗೆ ಹೋದ ಮೇಲೆ ಕೆಂಡಕ್ಕ ಕೆಲಸ ಮುಗಿಸಿ ದಿನವೂ ಅಲ್ಲಿಗೆ ಹೋದಳು. ಅಡಿಗೆ ಮಾಡಿದಳು, ತಲೆ ಬಾಚಿದಳು, ಸ್ನಾನ ಮಾಡಿಸಿದಳು, ಪಾತ್ರೆಗಳನ್ನಂತೂ ಯಾರಿಗೂ ಮುಟ್ಟಗೊಡಲಿಲ್ಲ. ತಂಗಿಯ ಗಂಡ ಕಂಡ ಕಂಡವರ ಮುಂದೆಲ್ಲ ಅತ್ತಿಗೆಯ ಗುಣಗಾನ ಮಾಡುತ್ತಿದ್ದ. ಹೊಗಳಿಕೆ ಅವಳ ಗಂಟಲಲ್ಲಿ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮನೆಗೆ ಬಂದರೆ ಚಪ್ಪಲಿ ಗೂಡು ಬಾಗಿಲಲ್ಲೇ ಕಾದಿರುತ್ತಿತ್ತು. ಆ ಗವಸುಗಳನ್ನು ಅವಳು ಅಲ್ಲಿಂದ ತೆಗೆದು ಕಪಾಟಿನಲ್ಲಿ ಬಟ್ಟೆಗಳ ಅಡಿಯಲ್ಲಿಟ್ಟಳು, ಮತ್ತೆ ತೆಗೆದು ಹಳೆಯ ಟ್ರಂಕಿಗೆ ಹಾಕಿದಳು. ಎಸೆಯಲು ಮನಸ್ಸಾಗಲಿಲ್ಲ. ತಂಗಿಯ ಮುಂದೆ ತೆಗೆದಿಡಲು ಧೈರ್ಯವಾಗಲಿಲ್ಲ.

ಒಂದು ದಿನ ಚಾರಣದ ಸಾಮಾನು ಮಾರುವ ಅಂಗಡಿಗೆ ಹೋದಳು. ಅಂಗಡಿಯವನು ವಯಸ್ಸಾದವನು, ಮಾತಿನ ಮಲ್ಲ. ಒಳ್ಳೆಯ ದಪ್ಪನೆಯ ಗ್ಲೌಸು ಕೊಡಿ, ಅಂಗಡಿಯಲ್ಲಿರುವುದರಲ್ಲೆಲ್ಲ ದಪ್ಪಗಿರುವುದು ಎಂದು ಕೇಳಿದಳು. ಯಾವ ಕಾಲಕ್ಕೆ ಎಂದು ಅವನು ತಿರುಗಿ ಕೇಳಿದ. ಎಲ್ಲಾ ಕಾಲಕ್ಕೂ ಎಂದಳು.

"ಎಲ್ಲಾ ಕಾಲಕ್ಕೂ ಒಂದೇ ಅಂದ್ರೆ ಯಾವ ಕಾಲಕ್ಕೂ ಇಲ್ಲ ಅಂತಾನೇ ಅರ್ಥ ಕಣಮ್ಮ" ಎಂದು ಅವನು ಮೇಜಿನ ಮೇಲೆ ಒಂದೊಂದಾಗಿ ಹರವತೊಡಗಿದ. ಮೊದಲನೆಯದು ಚರ್ಮಕ್ಕೆ ತಗುಲುವ ತೆಳು ಗವಸು. ಅದರ ಕೆಲಸ ಬೆಚ್ಚಗಿಡುವುದಲ್ಲ, ಬೆವರನ್ನು ಹೀರಿ ಹೊರದಾಟಿಸುವುದು, ಏಕೆಂದರೆ ಮುಕ್ಕಾಲು ಚಳಿ ನಮ್ಮ ಬೆವರಿನಿಂದಲೇ ಹುಟ್ಟುತ್ತದೆ. ಎರಡನೆಯದು ಉಣ್ಣೆಯದು, ಗಾಳಿಯನ್ನು ಹಿಡಿದಿಟ್ಟುಕೊಂಡು ಬಿಸಿ ಉಳಿಸುತ್ತದೆ. ಮೂರನೆಯದು ಹೊರಗಿನದು, ಅದರಲ್ಲಿ ಬಿಸಿಯೇ ಇಲ್ಲ, ಗಾಳಿ ಮಳೆಗೆ ಬಾಗಿಲು ಹಾಕುವುದಷ್ಟೇ ಅದರ ಪಾಲು. ಬೇಸಿಗೆಗೆ ತೆಳುವಾದದ್ದೊಂದೇ ಸಾಕು, ಕಲ್ಲು ತರಚದಂತೆ, ಬಿಸಿಲು ಸುಡದಂತೆ. ಮಳೆಗಾಲಕ್ಕೆ ತೆಳುವಾದದ್ದರ ಮೇಲೆ ಹೊರಗಿನದು, ಜೊತೆಗೆ ನೆನೆದದ್ದನ್ನು ಬದಲಿಸಲು ಇನ್ನೊಂದು ತೆಳು ಜೊತೆ. ಎಲೆ ಉದುರುವ ಕಾಲಕ್ಕೆ ತೆಳುವಾದದ್ದು ಮತ್ತು ಉಣ್ಣೆ. ಕೊರೆಯುವ ಚಳಿಗೆ ಮೂರೂ, ಅದರಲ್ಲೂ ಹೊರಗಿನದು ನಾಲ್ಕು ಬೆರಳಿಗೂ ಸೇರಿ ಒಂದೇ ಕೋಣೆಯಿರುವಂಥದ್ದು. "ಬೆರಳುಗಳು ಒಟ್ಟು ಕುಟುಂಬದಲ್ಲಿದ್ರೆ ಬೆಚ್ಚಗಿರ್ತವೆ, ಬೇರೆ ಮನೆ ಮಾಡಿದ್ರೆ ನಡುಗ್ತವೆ" ಎಂದು ತನ್ನ ಮಾತಿಗೆ ತಾನೇ ನಕ್ಕ. ಹೊರಗಿನದನ್ನು ಯಾವಾಗಲೂ ಒಂದು ಅಳತೆ ದೊಡ್ಡದು ಕೊಳ್ಳಬೇಕು, ಒಂದರ ಮೇಲೊಂದು ಬಿಗಿಯಾಗಿ ತುರುಕಿದರೆ ರಕ್ತವೇ ಓಡದೆ ಇನ್ನಷ್ಟು ತಣ್ಣಗಾಗುತ್ತದೆ ಎಂದೂ ಹೇಳಿದ.

"ಮತ್ತೆ ಈ ಚಳಿ ಮುಗಿದು ಬೇಸಿಗೆ ಬರೋ ಮುಂಚೆ?" ಎಂದು ಕೇಳುವಾಗ ಅವಳ ದನಿ ಇಳಿದಿತ್ತು.

"ಅದೇ ಎಲ್ಲಕ್ಕಿಂತ ಮೋಸದ ಕಾಲ. ಚಳಿಗಾಲಕ್ಕೆ ಜನ ಹೆದರ್ತಾರೆ, ಹೆದರಿ ಬದುಕ್ತಾರೆ. ಬಿಸಿಲು ಬಿತ್ತು ಅಂದ ತಕ್ಷಣ ಮನೇಲಿ ಬಿಟ್ಟು ಹೋಗ್ತಾರೆ ನೋಡಿ, ಪೆಟ್ಟು ತಿನ್ನೋರು ಅವರೇ. ಆಗ ಮೂರೂ ಚೀಲದಲ್ಲಿರಬೇಕು, ಹಾಕ್ಕೊಳ್ಳದಿದ್ರೂ ಪರವಾಗಿಲ್ಲ."

ತಾನು ನೋಡಿ ನಗುತ್ತಿದ್ದ ತಂಗಿ ಇದೆಲ್ಲವನ್ನೂ ಯಾರೂ ಹೇಳಿಕೊಡದೆ, ತನ್ನ ಬೆರಳಿನ ನೋವಿನಿಂದಲೇ ಕಲಿತಿದ್ದಳು. ಕೆಂಡಕ್ಕ ಅವನು ತೋರಿಸಿದ್ದರಲ್ಲಿ ಒಳ್ಳೆಯದನ್ನೆಲ್ಲ ಆರಿಸಿ, ಕೈಯಿಂದ ಅಳತೆ ನೋಡಿ, ಕಟ್ಟಿಸಿಕೊಂಡು ಪುಟ್ಟಿಯ ಮನೆಗೆ ಹೋದಳು. ಇಷ್ಟು ಕೊಟ್ಟರೆ ಎದೆಯ ಭಾರ ಸ್ವಲ್ಪವಾದರೂ ಇಳಿದೀತು ಎಂಬ ಆಸೆ ಇತ್ತು.

ಇಳಿಯಲಿಲ್ಲ. ಪುಟ್ಟಿ ಆ ಗವಸುಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಎಡಗೈಯಲ್ಲಿ ಸವರಿದಳು. ಆಮೇಲೆ ಅವಳ ಕಣ್ಣು ತುಂಬಿತು.

"ನನ್ನ ಹಳೇದು ಎಲ್ಲಾ ಕಡೆ ಹುಡುಕಿದೆ ಅಕ್ಕ. ಮನೇಲೆಲ್ಲೂ ಇಲ್ಲ. ತಗೊಂಡು ಹೋಗೋಕೆ ಮರೆತೆ ಅಂತಿಟ್ಕೋ, ಎಲ್ಲಿಟ್ಟೆ ಅನ್ನೋದಾದ್ರೂ ನೆನಪಿರಬೇಕಲ್ವಾ?"

ಎಲ್ಲೋ ಇರುತ್ತೆ ಬಿಡು ಎಂದು ಕೆಂಡಕ್ಕ ತಟಕ್ಕನೆ ಎದ್ದು ಅಡಿಗೆ ಮನೆಗೆ ಹೋದಳು. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಆ ಬಳಿಕ ಅವಳ ಕಣ್ಣಿಗೆ ಒಂದೊಂದೇ ಬೀಳತೊಡಗಿತು. ಪುಟ್ಟಿ ಒಲೆ ಆರಿಸಿ ಹೊರಬಂದವಳು ಮತ್ತೆ ಒಳಗೆ ಹೋಗಿ ನೋಡುವಳು. ಬೀಗ ಹಾಕಿ ಮೆಟ್ಟಿಲಿಳಿದವಳು ಹಿಂದಿರುಗಿ ಎಳೆದು ನೋಡುವಳು. ಮಾತಿನ ನಡುವೆ ಯಾವುದೋ ಹೂವಿನ ಹೆಸರು ಬಾಯಿಗೆ ಬರಲಿಲ್ಲವೆಂದರೆ ಮುಖ ಬಿಳಿಚುವುದು. ಎಲ್ಲರಿಗೂ ಆಗುವಂಥದ್ದೇ, ಆದರೆ ಅವಳಿಗೆ ಪ್ರತಿಯೊಂದೂ ಸಾಕ್ಷಿಯಾಗಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಪುಟ್ಟಿಯ ಗಂಡ ನೆಲಮಾಳಿಗೆಗೆ ಹುಡುಕಿಕೊಂಡು ಬಂದ. ಯಂತ್ರದ ಸದ್ದಿನಲ್ಲಿ ಮಾತು ಕೇಳದೆ ಇಬ್ಬರೂ ಹೊರಗಿನ ಓಣಿಗೆ ಬಂದು, ಕೊಳಕು ಬಟ್ಟೆಯ ತಳ್ಳುಗಾಡಿಗಳ ನಡುವೆ ನಿಂತರು. ಪುಟ್ಟಿ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಹೂವಿನಂಗಡಿಯ ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾಳೆ ಎಂದ. ಕೈಯಿಂದಾಗಿಯಾ ಎಂದು ಇವಳು ಕೇಳಿದಳು.

"ಕೈಯಲ್ಲ ಅತ್ತಿಗೆ. ನಿಮ್ಮಮ್ಮನಿಗೆ ಬಂದಿದ್ದು ತನಗೂ ಶುರುವಾಗಿದೆ ಅಂತ ಕೂತ್ಬಿಟ್ಟಿದಾಳೆ. ಮರೆವಿನ ಡಾಕ್ಟ್ರ ಹತ್ರ ಹೆಸರು ಬರೆಸಿದ್ದಾಳೆ. ನಾಡಿದ್ದು ಹೋಗ್ಬೇಕು. ನೀವು ಜೊತೆಗಿದ್ರೆ ಅವಳಿಗೆ ಧೈರ್ಯ."

ಮೂಳೆ ಮುರಿದದ್ದಕ್ಕೆ ಪ್ಲಾಸ್ಟರ್ ಹಾಕಿದ್ದರು, ಅದು ಕೂಡುತ್ತಿತ್ತು. ಬೆಟ್ಟದ ಮೇಲೆ ಕೆಂಡಕ್ಕ ಬಾಯಿಗೆ ಬಂದಂತೆ ಆಡಿದ ಮಾತು ಮಾತ್ರ ಇಷ್ಟು ದಿನವೂ ತಂಗಿಯ ತಲೆಯೊಳಗೆ ಕೊರೆಯುತ್ತಲೇ ಇತ್ತು. ಅವನಿಗಾದರೂ ಅಲ್ಲೇ ಹೇಳಬಹುದಿತ್ತು. ಬರ್ತೀನಿ ಎಂದಷ್ಟೇ ಹೇಳಿ ಕಳಿಸಿದಳು.

ಆ ದಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಗೋಡೆಗೊರಗಿಸಿದ ಬೆಂಚಿನ ಮೇಲೆ ಅಕ್ಕ ತಂಗಿ ಕುಳಿತಿದ್ದರು. ಗಂಡ ಅಂಗಡಿ ತೆರೆದಿಟ್ಟು ಬಂದವನು ಹಿಂದಿರುಗಿದ್ದ. ಪುಟ್ಟಿ ಒಳ್ಳೆಯ ಬಟ್ಟೆ ಹಾಕಿದ್ದಳು, ಪರೀಕ್ಷೆಗೆ ಬಂದ ಹುಡುಗಿಯಂತೆ ತುಟಿಯಲ್ಲೇ ಏನೋ ಬಾಯಿಪಾಠ ಮಾಡುತ್ತಿದ್ದಳು. ಅದೇನೆಂದು ಅಕ್ಕ ಕೇಳಿದಳು.

"ತಿಂಗಳ ಹೆಸರು ಹಿಂದಿನಿಂದ ಮುಂದಕ್ಕೆ ಹೇಳು ಅಂತಾರಂತೆ ಇಲ್ಲಿ. ಪಕ್ಕದ ಮನೆಯವರು ಹೇಳಿದ್ರು. ಡಿಸೆಂಬರಿಂದ ಆಗಸ್ಟ್ ತನಕ ಸರಾಗ ಬರುತ್ತೆ. ಆಮೇಲೆ ತಡವರಿಸುತ್ತೆ. ಅಮ್ಮನ್ನ ಕರ್ಕೊಂಡು ಬಂದಾಗ ಅಮ್ಮ ಎಲ್ಲಿ ನಿಲ್ಸಿದ್ಲು, ನೆನಪಿದೆಯಾ ಅಕ್ಕ?"

ಕೆಂಡಕ್ಕನ ಬಾಯಿಂದ ಮಾತು ತಾನಾಗಿಯೇ ಹೊರಬಂತು. ಇಷ್ಟು ದಿನ ಅವಳು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಪೀಠಿಕೆಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

"ನೀನೇನೂ ಮರೆತಿಲ್ಲ. ಗ್ಲೌಸು ತೆಗೆದಿಟ್ಟಿದ್ದು ನಾನು."

ಪುಟ್ಟಿ ತಿರುಗಿ ನೋಡಿದಳು.

"ನೀನು ಚೀಲಕ್ಕೆ ಹಾಕಿದ್ದೆ. ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ನಾನು ತೆಗೆದು ಚಪ್ಪಲಿ ಗೂಡಲ್ಲಿಟ್ಟೆ. ಈಗ ಟ್ರಂಕಲ್ಲಿದೆ. ಮೇಲೆ ನೀನು ಕೇಳಿದಾಗ ಸುಳ್ಳು ಹೇಳಿದೆ."

"ಅಂದ್ರೆ ನಾನು ಹಾಕಿದ್ದೆ."

"ಹಾಕಿದ್ದೆ."

"ನನ್ನ ನೆನಪು ಸರಿಯಾಗೇ ಇತ್ತು."

"ಸರಿಯಾಗೇ ಇತ್ತು ಪುಟ್ಟಿ."

ಪುಟ್ಟಿಯ ಮೈಯೆಲ್ಲ ಸಡಿಲವಾಯಿತು. ಹಿಂದಕ್ಕೊರಗಿ ಕಣ್ಣು ಮುಚ್ಚಿ, ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವಳು ಮೇಲೆ ಬಂದ ಹಾಗೆ ಉಸಿರೆಳೆದುಕೊಂಡಳು. ನಗು ಬಂತು, ನಗುತ್ತಲೇ ಅತ್ತಳು. ಎದುರು ಬೆಂಚಿನ ಮುದುಕರೊಬ್ಬರು ಗಾಬರಿಯಾಗಿ ನೋಡಿದರು. ಇಷ್ಟಕ್ಕೇ ಮುಗಿಯಿತೇನೋ ಎಂದು ಕೆಂಡಕ್ಕನಿಗೂ ಒಂದು ಕ್ಷಣ ಅನ್ನಿಸಿತು. ಆದರೆ ಸಮಾಧಾನ ಬಂದು ಹೋದ ದಾರಿಯಲ್ಲೇ ಸಿಟ್ಟು ಬಂತು. ಪುಟ್ಟಿ ಕಣ್ಣೊರೆಸಿಕೊಂಡು ಅಕ್ಕನ ಮುಖವನ್ನು, ಅದರಲ್ಲಿ ಹೊಸದೇನೋ ಹುಡುಕುವವಳಂತೆ ನೋಡಿದಳು. ಎದ್ದಳು. ಚೀಟಿ ಕೊಟ್ಟಿದ್ದ ನರ್ಸಿನ ಬಳಿ ಹೋಗಿ, ಇವತ್ತು ಬೇಡ, ಆಮೇಲೆ ಬರುತ್ತೇನೆ ಎಂದಳು. ಮೆಟ್ಟಿಲಿಳಿದು ಹೊರಟುಹೋದಳು. ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ.

ಬೇಸಿಗೆಯಿಡೀ ಅವಳು ಅಕ್ಕನ ಜೊತೆ ಮಾತಾಡಲಿಲ್ಲ. ಕೆಂಡಕ್ಕ ಟ್ರಂಕಿನಲ್ಲಿದ್ದ ಗವಸುಗಳನ್ನು ತೊಳೆದು, ಒಣಗಿಸಿ, ಸೈಕಲ್ ಅಂಗಡಿಗೆ ಕೊಂಡುಹೋಗಿ ಕೊಟ್ಟಳು. ಪುಟ್ಟಿಯ ಗಂಡನಿಗೂ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಅವನು ಬೈಯುವ ಜಾತಿಯವನಲ್ಲ. ಚಕ್ರದ ಕಡ್ಡಿ ಬಿಗಿಯುತ್ತಲೇ, ಅಲ್ಲಿಡಿ ಎಂದ. ಅತ್ತಿಗೆ ಎಂದು ಮಾತ್ರ ಕರೆಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ಪುಟ್ಟಿ ಆಮೇಲೆ ಒಬ್ಬಳೇ ಹೋಗಿ ಮರೆವಿನ ಪರೀಕ್ಷೆ ಮಾಡಿಸಿಕೊಂಡಳೆಂದೂ, ಏನೂ ತೊಂದರೆಯಿಲ್ಲವೆಂದು ಹೇಳಿದರೆಂದೂ ಅವನಿಂದಲೇ ತಿಳಿಯಿತು. ಹೂವಿನಂಗಡಿಗೆ ಮತ್ತೆ ಹೋಗುತ್ತಿದ್ದಳು. ಎರಡು ಬೆರಳ ತುದಿಗೆ ಸ್ಪರ್ಶ ತಿರುಗಿ ಬರಲೇ ಇಲ್ಲ, ಹೂಗುಚ್ಛಕ್ಕೆ ತಂತಿ ಸುತ್ತುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಒಲೆ ನೋಡುವುದು ನಿಂತಿತ್ತು, ಬೀಗ ಎಳೆದು ನೋಡುವುದು ನಿಂತಿರಲಿಲ್ಲ.

ಮಾಡಿದ್ದುಣ್ಣೋ ಮಹರಾಯ ಎಂದು ಕೆಂಡಕ್ಕ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದಳು. ಉಣ್ಣುವುದು ಒಂದು ಹೊತ್ತಿನದಲ್ಲ, ಬಡಿಸುತ್ತಲೇ ಇರುತ್ತಾರೆ ಎಂಬುದು ಈಗ ಗೊತ್ತಾಯಿತು. ಲಾಂಡ್ರಿಯಲ್ಲಿ ಹೊಸಬಳೊಬ್ಬಳು ಬಿಸಿ ತಗುಲಿ ಕೈ ಒದರಿದರೆ ಅವಳು ಈಗ ಆ ಹಳೆಯ ಮಾತು ಹೇಳುತ್ತಿರಲಿಲ್ಲ. ನೋಡೋಣ ತೋರಿಸು ಎಂದು ಕೈ ಹಿಡಿದು ನೋಡುತ್ತಿದ್ದಳು. ಜೊತೆಯವರಿಗೆ ಇದು ವಿಚಿತ್ರವಾಗಿ ಕಂಡಿತು. ವಯಸ್ಸಾಯಿತು ಕೆಂಡಕ್ಕನಿಗೆ ಎಂದು ತಮಾಷೆ ಮಾಡಿದರು.

ಮರಗಳ ಎಲೆ ಉದುರತೊಡಗಿದ ಒಂದು ರಜೆಯ ದಿನ ಬೆಳಿಗ್ಗೆ ಬಾಗಿಲು ಬಡಿಯಿತು. ಪುಟ್ಟಿ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು. ಬಸ್ಸಿಗೆ ಹೊತ್ತಾಯಿತು, ಬರುವುದಾದರೆ ಬಾ ಎಂದಷ್ಟೇ ಹೇಳಿದಳು. ಕೆಂಡಕ್ಕ ಕೋಲು ತೆಗೆದುಕೊಂಡು ಹಿಂದೆ ನಡೆದಳು. ಅವಳ ಜೇಬಿನಲ್ಲೂ ಒಂದು ಜೊತೆ ತೆಳು ಗವಸಿತ್ತು. ಅದನ್ನು ತೋರಿಸಿಕೊಳ್ಳಲು ನಾಚಿಕೆಯಾಗಿ, ಗಾಳಿ ಎದ್ದಾಗ ತಂಗಿಯ ಬೆನ್ನ ಹಿಂದೆಯೇ ಹಾಕಿಕೊಂಡಳು.

ಹತ್ತುವಾಗ ಪುಟ್ಟಿ ಎಂದಿನಂತೆ ಒಂದನ್ನು ಕಳಚಿದಳು, ನೆರಳಿಗೆ ಬಂದಾಗ ಉಣ್ಣೆಯದನ್ನು ಹಾಕಿದಳು. ಅವು ಅವಳ ಹಳೆಯವೇ, ಅಕ್ಕ ಕೊಂಡು ಕೊಟ್ಟವಲ್ಲ. ಸರಪಳಿಯ ಬಂಡೆಯ ಬುಡಕ್ಕೆ ಬಂದಾಗ ಅವಳು ನಿಂತು ಮೇಲೆ ನೋಡಿದಳು. ಇಲ್ಲಿಗೆ ಸಾಕು ಎಂದು ಅಲ್ಲೇ ಕುಳಿತು ಬುತ್ತಿ ಬಿಚ್ಚಿದಳು. ಇಬ್ಬರೂ ತಿಂದರು. ಕೈ ಒರೆಸಿಕೊಂಡು ಪುಟ್ಟಿ, ದೂರದ ಊರಿನ ಕಡೆ ನೋಡುತ್ತ, ಯಾರ ವಿಷಯವೋ ಹೇಳುವವಳಂತೆ ಹೇಳಿದಳು.

"ತೆಗೆದಿಟ್ಟಿದ್ದಕ್ಕೆ ನಂಗೆ ಅಷ್ಟು ಬೇಜಾರಿಲ್ಲ. ನಿನ್ನ ಬುದ್ಧಿ ನಂಗೊತ್ತು. ಬಿದ್ದಿದ್ದಕ್ಕೂ ಇಲ್ಲ. ಆಸ್ಪತ್ರೇಲಿ ಇವರು ಹೌದಾ ಅತ್ತಿಗೆ ಅಂತ ಕೇಳಿದಾಗ ನೀನು ತಲೆ ಆಡಿಸಿದೆಯಲ್ಲ. ನಾನು ನೋಡ್ತಾ ಇದ್ದೆ. ಅದು ಹೋಗ್ತಾ ಇಲ್ಲ."

ಕ್ಷಮಿಸು ಎಂಬುದನ್ನು ಕೆಂಡಕ್ಕ ಆ ಬೇಸಿಗೆಯಲ್ಲಿ ಗೋಡೆಗೆ, ಕನ್ನಡಿಗೆ, ಯಂತ್ರಕ್ಕೆ ಎಲ್ಲದಕ್ಕೂ ಹೇಳಿ ಮುಗಿಸಿದ್ದಳು. ಇಲ್ಲಿ ಅದು ತೀರ ಸಣ್ಣದಾಗಿ ಕಂಡಿತು.

"ಹೋಗೋದೂ ಬೇಡ" ಎಂದಳು ಕೊನೆಗೆ. "ನಂಗೂ ಹೋಗಿಲ್ಲ."

ಪುಟ್ಟಿ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದಳು. ಚೀಲ ತಾನು ಹೊರುತ್ತೇನೆಂದು ಅಕ್ಕ ಕೈ ಚಾಚಿದಾಗ, ಬೇಡ ಎಂದು ತಾನೇ ಹೆಗಲಿಗೇರಿಸಿದಳು. ಇಳಿಯುವಾಗ ಪುಟ್ಟಿ ಮುಂದೆ, ಅಕ್ಕ ಹಿಂದೆ. ಒಣಗಿದೆಲೆಗಳ ಮೇಲೆ ಕಾಲು ಜಾರುವಲ್ಲಿ ಪುಟ್ಟಿ ನಿಂತು, ಹಿಂದಿನವಳು ದಾಟುವ ತನಕ ಕಾದು, ಮತ್ತೆ ನಡೆಯುತ್ತಿದ್ದಳು. ಬುಡದ ಹತ್ತಿರ ಬಸ್ಸಿನ ಸದ್ದು ಕೇಳಿಸತೊಡಗಿದಾಗ ತಿರುಗದೆಯೇ ಕೇಳಿದಳು.

"ಮುಂದಿನ ತಿಂಗಳು ನಿನಗೆ ರಜಾ ಯಾವತ್ತು?"

ಕೆಂಡಕ್ಕ ಹೇಳಿದಳು.

"ನೋಡೋಣ" ಎಂದಳು ಪುಟ್ಟಿ.